ಶಾಲೆಯ ಮೈದಾನದಲ್ಲಿ ಹೆಣ್ಣುಮಕ್ಕಳ ಪಾಲೆಷ್ಟು? ಲೆಕ್ಕ ಹಾಕಿ, ಬೋರ್ಡಿಗೆ ಹಾಕಿ

ಸಂಜೆ ಲಾಂಗ್ ಬೆಲ್ ಹೊಡೆದ ಮೇಲೆ ಹತ್ತು ನಿಮಿಷ ನಿಮ್ಮೂರ ಹೈಸ್ಕೂಲಿನ ಕಾಂಪೌಂಡ್ ಪಕ್ಕ ನಿಂತು ನೋಡಿ. ನಡುಮೈದಾನದಲ್ಲಿ ಕ್ರಿಕೆಟ್, ಅದರಾಚೆ ವಾಲಿಬಾಲ್. ಎರಡರಲ್ಲೂ ಹುಡುಗರು. ಹುಡುಗಿಯರನ್ನು ಹುಡುಕಿದರೆ ಬೇವಿನ ಮರದ ಕೆಳಗೆ ಬ್ಯಾಗು ಕಾಯುತ್ತಾ ಕೂತಿರುತ್ತಾರೆ, ಇಲ್ಲವೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಿರುತ್ತಾರೆ.

ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆಯಾದ ಮೊದಲ ವರ್ಷ ಈ ಮಾತನ್ನು ಸಭೆಯಲ್ಲಿ ಎತ್ತಿದೆ. "ಹಾಗೇನಿಲ್ಲಮ್ಮ, ನಮ್ಮಲ್ಲಿ ಎಲ್ರಿಗೂ ಸಮಾನ ಅವಕಾಶ ಇದೆ. ಹೋಬಳಿ ಮಟ್ಟಕ್ಕೆ ಹುಡುಗೀರ ಟೀಮೂ ಹೋಗಿದೆಯಲ್ಲ" ಅಂದರು ಮುಖ್ಯ ಶಿಕ್ಷಕರು. ಎಂಟ್ರಿ ಪಟ್ಟಿ ತರಿಸಿ ತೋರಿಸಿದರು. ನಿಜ, ಕಬಡ್ಡಿ, ಖೋ ಖೋ, ಥ್ರೋಬಾಲ್, ರಿಲೇ ಎಲ್ಲದರಲ್ಲೂ ಬಾಲಕರದ್ದೊಂದು ಸಾಲು, ಬಾಲಕಿಯರದ್ದೊಂದು ಸಾಲು. ಮುಂದೆ ಮಾತಾಡಲು ನನ್ನ ಹತ್ತಿರ ಏನೂ ಇರಲಿಲ್ಲ.

ಮನೆಗೆ ಬಂದು ಮಗಳನ್ನು ಕೇಳಿದೆ. "ಅಮ್ಮ, ಆ ಖೋ ಖೋ ಪಟ್ಟೀಲಿ ನನ್ನ ಹೆಸರೂ ಇತ್ತು. ಹೋಗೋ ಹಿಂದಿನ ದಿನ ಬರ್ಕೊಂಡ್ರು. ಪ್ರಾಕ್ಟೀಸ್ ಮಾಡಿದ್ದು ಅವತ್ತು ಒಂದೇ ಸಾಯಂಕಾಲ" ಅಂದಳು. ಹುಡುಗರ ತಂಡ ಜೂನ್‌ನಿಂದ ದಿನಾ ಆಡಿತ್ತು. ಪಟ್ಟಿಯಲ್ಲಿ ಸಮ, ಮೈದಾನದಲ್ಲಿ ಅಲ್ಲ. ಎಂಟ್ರಿ ಪಟ್ಟಿ ಮುಚ್ಚಿಡುವ ಆ ವ್ಯತ್ಯಾಸವನ್ನು ಕಾಗದದ ಮೇಲೆ ತರುವುದು ಹೇಗೆ, ತಂದದ್ದನ್ನು ಊರಿನ ಮುಂದೆ ಇಡುವುದು ಹೇಗೆ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ತಂದೆತಾಯಂದಿರು, ಎಸ್‌ಡಿಎಂಸಿ ಸದಸ್ಯರು, ಹಳೆಯ ವಿದ್ಯಾರ್ಥಿಗಳು ಯಾರು ಬೇಕಾದರೂ ಇದನ್ನು ಮಾಡಬಹುದು. ಇಬ್ಬರಿದ್ದರೆ ಸಾಕು.

ಬೇರೆಡೆ ಇದು ಶಾಲೆಯ ಕಡ್ಡಾಯ ಕೆಲಸ

ಅಮೆರಿಕದಲ್ಲಿ 1972ರಲ್ಲಿ ಟೈಟಲ್ ನೈನ್ ಎಂಬ ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆ ಲಿಂಗದ ಆಧಾರದ ಮೇಲೆ ಭೇದ ಮಾಡಕೂಡದು ಎನ್ನುತ್ತದೆ ಅದು. ಕಾನೂನಿನ ಮಾತುಗಳಲ್ಲಿ ಕ್ರೀಡೆಯ ಹೆಸರೇ ಇರಲಿಲ್ಲ, ಆದರೂ ಅದು ಹೆಚ್ಚು ಬದಲಾಯಿಸಿದ್ದು ಶಾಲೆಯ ಮೈದಾನಗಳನ್ನು. 1971-72ರಲ್ಲಿ ಅಲ್ಲಿನ ಹೈಸ್ಕೂಲು ತಂಡಗಳಲ್ಲಿ ಹುಡುಗಿಯರ ಸಂಖ್ಯೆ 3 ಲಕ್ಷಕ್ಕಿಂತ ಕಡಿಮೆ ಇತ್ತು, 2023-24ರಲ್ಲಿ 34 ಲಕ್ಷ ದಾಟಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸ್ಪರ್ಧಾತ್ಮಕ ಕ್ರೀಡೆ ನಡೆಸುವ ಅಲ್ಲಿನ ಸಾರ್ವಜನಿಕ ಶಾಲೆಗಳು 2015-16ರಿಂದ ಪ್ರತಿ ವರ್ಷ ಮೂರು ಲೆಕ್ಕಗಳನ್ನು ಬಹಿರಂಗವಾಗಿ ಪ್ರಕಟಿಸಬೇಕು: ಶಾಲೆಯಲ್ಲಿ ಎಷ್ಟು ಹುಡುಗರು, ಎಷ್ಟು ಹುಡುಗಿಯರು, ಅವರಲ್ಲಿ ಆಡುವವರು ಎಷ್ಟೆಷ್ಟು, ಯಾವ ಆಟಕ್ಕೆ ಯಾವ ಹಂತದಲ್ಲಿ ಯಾರ ತಂಡಗಳೆಷ್ಟು.

ನಮ್ಮಲ್ಲಿ ಅಂಥ ಕಡ್ಡಾಯ ಇಲ್ಲ. ಆದರೆ ಆ ಮೂರೂ ಲೆಕ್ಕಕ್ಕೆ ಬೇಕಾದ ಕಾಗದ ನಮ್ಮ ಪ್ರತಿ ಶಾಲೆಯ ಬೀರುವಿನಲ್ಲೂ ಇದೆ. ಹೊರಗೆ ತೆಗೆಯುವವರು ಬೇಕು, ಅಷ್ಟೆ.

ಮೊದಲ ಹೆಜ್ಜೆ: ತಲೆ ಎಣಿಸಿ

ಒಟ್ಟು ಮಕ್ಕಳ ಲೆಕ್ಕಕ್ಕೆ ಯಾರನ್ನೂ ಕೇಳಬೇಕಿಲ್ಲ. ದೇಶದ ಶಾಲೆಗಳ ಮಾಹಿತಿ ಕಲೆಹಾಕುವ ಸರ್ಕಾರಿ ವ್ಯವಸ್ಥೆ ಯುಡೈಸ್, ಅದರಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಸಂಖ್ಯೆ ಇದೆ. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಹುಡುಗ, ಹುಡುಗಿಯರ ದಾಖಲಾತಿ, ಮೈದಾನ ಇದೆಯೋ ಇಲ್ಲವೋ, ಹೆಣ್ಣುಮಕ್ಕಳ ಶೌಚಾಲಯ ಎಷ್ಟಿವೆ ಎಲ್ಲ ಸಿಗುತ್ತದೆ. ಮುದ್ರಿಸಿಟ್ಟುಕೊಳ್ಳಿ. ಅಲ್ಲಿ ಬರೆದದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆ ಆಗದಿದ್ದರೆ ಅದನ್ನೂ ಗುರುತು ಹಾಕಿಕೊಳ್ಳಿ.

ಆಡುವವರ ಲೆಕ್ಕ ಶಾಲೆಯಿಂದಲೇ ಬರಬೇಕು. ನಾನು ಕೇಳಿದಾಗ ಬಂದ ಮೊದಲ ಪ್ರಶ್ನೆ, "ಯಾಕಮ್ಮ, ಏನಾದ್ರೂ ಕಂಪ್ಲೇಂಟಾ?" ಹಾಗಾಗಿ ಒಬ್ಬರೇ ಹೋಗಿ ಕೇಳುವ ಬದಲು ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಿಬಿಡಿ. ನಡಾವಳಿ ಪುಸ್ತಕದಲ್ಲಿ ದಾಖಲಾದ ಪ್ರಶ್ನೆಗೆ ಉತ್ತರ ಬಂದೇ ಬರುತ್ತದೆ. ಒಂದರಿಂದ ಎಂಟನೇ ತರಗತಿಯವರೆಗಿನ ಶಾಲೆಗಳ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಹೇಳುತ್ತದೆ. ಸಹಿ ಹಾಕಿ ಎದ್ದು ಹೋಗುವ ಅಕ್ಕಂದಿರು ಆ ದಿನ ಕೂತು ಈ ಒಂದು ಪ್ರಶ್ನೆ ಕೇಳಲಿ.

ಎಣಿಸುವಾಗ ಒಂದು ಎಚ್ಚರ. ಓಟಕ್ಕೂ ಅವಳೇ, ಕಬಡ್ಡಿಗೂ ಅವಳೇ, ಥ್ರೋಬಾಲಿಗೂ ಅವಳೇ ಎನ್ನುವ ಹುಡುಗಿ ಪ್ರತಿ ಶಾಲೆಯಲ್ಲೂ ಇರುತ್ತಾಳೆ. ಪಟ್ಟಿಯಲ್ಲಿ ಅವಳು ಮೂರು ಬಾರಿ ಬರುತ್ತಾಳೆ, ಮೂವರು ಹುಡುಗಿಯರು ಆಡಿದಂತೆ ಕಾಣುತ್ತದೆ. ಆದ್ದರಿಂದ ಎರಡು ಬಗೆಯಲ್ಲಿ ಎಣಿಸಿ: ಪಟ್ಟಿಯ ಹೆಸರುಗಳು ಎಷ್ಟು, ಅಸಲು ಮಕ್ಕಳು ಎಷ್ಟು. ಈ ಎರಡರ ನಡುವಿನ ಅಂತರ ಹುಡುಗಿಯರ ಕಡೆ ದೊಡ್ಡದಿದ್ದರೆ, ಓಡುವ ನಾಲ್ಕು ಹುಡುಗಿಯರ ಹೆಗಲ ಮೇಲೆ ಇಡೀ ಶಾಲೆಯ "ಬಾಲಕಿಯರ ಕ್ರೀಡೆ" ನಿಂತಿದೆ ಎಂದರ್ಥ.

ಈಗ ಭಾಗಾಕಾರ. ಲೆಕ್ಕಕ್ಕೆಂದು ಒಂದು ಶಾಲೆ ಇಟ್ಟುಕೊಳ್ಳೋಣ: 100 ಹುಡುಗರು, 120 ಹುಡುಗಿಯರು. ಆಡುವವರು 50 ಹುಡುಗರು, 30 ಹುಡುಗಿಯರು. ಆಟಗಾರರಲ್ಲಿ ಹುಡುಗಿಯರು ಶೇಕಡಾ 37.5 ಅಂದರೆ ಕೇಳಿದವರು "ಪರವಾಗಿಲ್ಲವಲ್ಲ" ಅಂದುಬಿಡುತ್ತಾರೆ. ಹೀಗೆ ಹೇಳಿ ನೋಡಿ: ಹುಡುಗರಲ್ಲಿ ಇಬ್ಬರಿಗೊಬ್ಬ ಆಡುತ್ತಾನೆ, ಹುಡುಗಿಯರಲ್ಲಿ ನಾಲ್ವರಿಗೊಬ್ಬಳು. ಹುಡುಗರಷ್ಟೇ ಅವಕಾಶ ಸಿಕ್ಕಿದ್ದರೆ 60 ಹುಡುಗಿಯರು ಆಡಬೇಕಿತ್ತು. ಮಿಕ್ಕ 30 ಮಂದಿ ಎಲ್ಲಿ? ಹನ್ನೆರಡು ಹನ್ನೆರಡು ಮಂದಿಯ ಒಂದು ಖೋ ಖೋ ತಂಡ, ಒಂದು ಕಬಡ್ಡಿ ತಂಡ, ಮೇಲೆ ಆರು ಓಟಗಾರ್ತಿಯರು.

ಶೇಕಡಾವಾರನ್ನು ತಲೆಗಳಿಗೆ ಇಳಿಸುವುದು ಏಕೆ ಮುಖ್ಯ ಎನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾ ಊರಿನ ಕ್ಯಾಸಲ್ ಪಾರ್ಕ್ ಹೈಸ್ಕೂಲಿನ ಮೊಕದ್ದಮೆಯನ್ನು ನೋಡಬಹುದು. ಅಲ್ಲಿನ ಸಾಫ್ಟ್‌ಬಾಲ್ ಹುಡುಗಿಯರು ಕೋರ್ಟಿಗೆ ಹೋಗಿದ್ದರು. ಶಾಲೆಯಲ್ಲಿ ಹುಡುಗಿಯರ ಪಾಲಿಗೂ ಆಟಗಾರರಲ್ಲಿ ಅವರ ಪಾಲಿಗೂ ಒಂದು ವರ್ಷ ಇದ್ದ ಅಂತರ ಶೇಕಡಾ 6.7, ಕೇಳಲು ಚಿಕ್ಕದು. ಮಕ್ಕಳ ಲೆಕ್ಕದಲ್ಲಿ ಅದು 47 ಹುಡುಗಿಯರು. ತಂಡ ಕಟ್ಟಲು ಅಷ್ಟು ಮಂದಿ ಸಾಕು ಎಂದಿತು ಮೇಲ್ಮನವಿ ನ್ಯಾಯಾಲಯ. 2014ರಲ್ಲಿ ಹುಡುಗಿಯರ ಪರವಾಗಿ ತೀರ್ಪು ಬಂತು.

ಎರಡನೆಯದು: ಮೈದಾನದಲ್ಲಿ ನಿಂತು ನೋಡಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ತಿರುಳು. ಕಾಗದ ಹೇಳದ್ದನ್ನು ಮೈದಾನ ಹೇಳುತ್ತದೆ.

ಎರಡು ವಾರ, ವಾರಕ್ಕೆ ಮೂರು ದಿನ ಸಾಕು. ಒಂದು ದಿನ ಪಿಟಿ ಪೀರಿಯಡ್, ಇನ್ನೆರಡು ದಿನ ಸಂಜೆ ಬೆಲ್ ಆದ ಮೇಲಿನ ಒಂದು ಗಂಟೆ. ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ, ಕದ್ದು ನೋಡುವ ಕೆಲಸ ಇದಲ್ಲ. ನೋಟ್‌ಬುಕ್ಕಿನ ಹಾಳೆಯಲ್ಲಿ ಮೈದಾನದ ನಕ್ಷೆ ಬರೆದು ನಾಲ್ಕು ಭಾಗ ಮಾಡಿ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ, ಪ್ರತಿ ಭಾಗದಲ್ಲಿ ಹುಡುಗರೆಷ್ಟು, ಹುಡುಗಿಯರೆಷ್ಟು ಎಂದು ಬರೆಯಿರಿ. ಅದರಲ್ಲೂ ಆಡುತ್ತಿರುವವರು, ನಿಂತವರು, ಕೂತವರು ಬೇರೆ ಬೇರೆ. ಫೋಟೋ ಬೇಡ, ವಿಡಿಯೋ ಬೇಡವೇ ಬೇಡ.

ನಾನು ಮೊದಲ ದಿನ ಹೀಗೆ ಕೂತಾಗ ಕಂಡದ್ದನ್ನು ಹೇಳುತ್ತೇನೆ. ಒಂಬತ್ತನೇ ತರಗತಿಯ ಪಿಟಿ ಪೀರಿಯಡ್. ಬಾಲು ಹೊರಗೆ ಬಂದ ಕೂಡಲೇ ಹುಡುಗರು ನಡುಮೈದಾನಕ್ಕೆ ಓಡಿದರು. ಹುಡುಗಿಯರಿಗೆ ಒಂದು ರಿಂಗ್ ಸಿಕ್ಕಿತು. ಶೌಚಾಲಯದ ಗೋಡೆ ಮತ್ತು ಬಿಸಿಯೂಟದ ಕೋಣೆಯ ನಡುವಿನ ಜಾಗದಲ್ಲಿ ದುಂಡಗೆ ನಿಂತು ಎಸೆದಾಡಿದರು. ಕ್ರಿಕೆಟ್ ಬಾಲು ಅತ್ತ ಬಂದಾಗಲೆಲ್ಲ ಆಟ ನಿಲ್ಲಿಸಿ ಬಾಲು ಎತ್ತಿ ಕೊಟ್ಟರು. ನಲವತ್ತು ನಿಮಿಷದಲ್ಲಿ ಹನ್ನೊಂದು ಸಲ. ಒಬ್ಬ ಹುಡುಗಿ ಪ್ರತಿ ಸಲ ಬಗ್ಗುವಾಗಲೂ ವೇಲ್ ಎದೆಗೆ ಒತ್ತಿ ಹಿಡಿಯುತ್ತಿದ್ದಳು, ಬಾಲನ್ನು ಒಂದೇ ಕೈಯಲ್ಲಿ ಎಸೆಯುತ್ತಿದ್ದಳು. ಆ ಎಸೆತ ನೇರವಾಗಿ ಬೌಲರ್ ಕೈಗೇ ಹೋಗಿ ಬೀಳುತ್ತಿತ್ತು. ಅಷ್ಟು ಒಳ್ಳೆಯ ತೋಳು ಆ ಇಡೀ ಪೀರಿಯಡ್ ಮಾಡಿದ ಕೆಲಸ ಅದೊಂದೇ.

ಹತ್ತನೇ ತರಗತಿಯ ಪಿಟಿ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗಿದೆಯೇ ಎಂದೂ ನೋಡಿ. ಹೋದರೆ ನಷ್ಟ ಎಲ್ಲರಿಗೂ, ಆದರೆ ಒಂದೇ ಸಮ ಅಲ್ಲ. ಹುಡುಗ ಸಂಜೆ ಊರ ಬಯಲಿನಲ್ಲಿ ಆಡಿಕೊಳ್ಳುತ್ತಾನೆ. ಹುಡುಗಿಗೆ ದಿನದಲ್ಲಿ ಆಡಲು ಸಿಗುವ ಜಾಗ ಶಾಲೆಯೊಂದೇ.

ಮೂರನೆಯದು: ಸಾಮಾನು, ದುಡ್ಡು

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದೇ ಅನುದಾನದ ಲೆಕ್ಕವಿದೆ. ಕಿರಿಯ ಪ್ರಾಥಮಿಕಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ, ಪ್ರೌಢಶಾಲೆಗೆ 25,000 ರೂಪಾಯಿವರೆಗೆ. ನಿಮ್ಮ ಶಾಲೆಗೆ ಎಷ್ಟು ಬಂತು, ಏನು ಕೊಂಡರು ಎನ್ನುವುದು ನಗದು ಪುಸ್ತಕ ಮತ್ತು ಸ್ಟಾಕ್ ರಿಜಿಸ್ಟರಿನಲ್ಲಿ ಇರಬೇಕು. ರಿಜಿಸ್ಟರಿನ ಪ್ರತಿ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಬರೆಯುತ್ತಾ ಹೋಗಿ: ಹುಡುಗರು ಬಳಸಿದ್ದು, ಹುಡುಗಿಯರು ಬಳಸಿದ್ದು, ಇಬ್ಬರೂ ಬಳಸಿದ್ದು. ರೂಪಾಯಿ ಕೂಡಿಸಿ.

ಕೋಣೆಯೊಳಗೂ ಒಮ್ಮೆ ಹೋಗಿ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಅದು ಒಬ್ಬ ಹುಡುಗನ ಜೇಬಿನಲ್ಲಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

"ದುಡ್ಡಿಲ್ಲ" ಎನ್ನುವ ಮಾತು ಎಲ್ಲ ಆಟಕ್ಕೂ ಒಪ್ಪುವುದಿಲ್ಲ. ಖೋ ಖೋಗೆ ಬೇಕಾದದ್ದು ಎರಡು ಕಂಬ, ಸ್ವಲ್ಪ ಸುಣ್ಣದ ಪುಡಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಭಾರತದ ಮಹಿಳಾ ತಂಡ ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿತು. ಆ ತಂಡದಲ್ಲಿ ಮಿಂಚಿದ ಬಿ. ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕಬಡ್ಡಿಯಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳದ ಕಡೆಯ ಹಳ್ಳಿಯವರು. ಇವು ಎರಡೂ ಹಳ್ಳಿ ಶಾಲೆಯ ಅಂಗಳದಲ್ಲಿ ಆಡಬಹುದಾದ ಆಟಗಳು.

ನಾಲ್ಕನೆಯದು: ಹುಡುಗಿಯರನ್ನೇ ಕೇಳಿ

"ಹುಡುಗೀರಿಗೆ ಆಸಕ್ತೀನೇ ಇಲ್ಲ" ಎನ್ನುವ ಮಾತನ್ನು ನೀವು ಖಂಡಿತ ಕೇಳುತ್ತೀರಿ. ಅದನ್ನು ಹೇಳುವವರು ಹುಡುಗಿಯರನ್ನು ಕೇಳಿರುವುದಿಲ್ಲ.

ಗುಂಪಿನಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಿದರೆ ತಲೆ ತಗ್ಗಿಸುತ್ತಾರೆ, ಅಷ್ಟೆ. ಒಬ್ಬ ಶಿಕ್ಷಕಿಯ ಸಹಾಯದಿಂದ ಚೀಟಿ ಹಂಚಿ, ಹೆಸರು ಬೇಡ, ತರಗತಿ ಮಾತ್ರ. "ನಿಮಗೆ ಆಟ ಇಷ್ಟವೇ?" ಎಂದು ಕೇಳಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಮೂರು ಪ್ರಶ್ನೆ ಸಾಕು. ಕಳೆದ ವಾರ ಏನು ಆಡಿದೆ, ಎಷ್ಟು ಹೊತ್ತು? ಮೊದಲು ಆಡುತ್ತಿದ್ದು ಈಗ ಬಿಟ್ಟ ಆಟ ಯಾವುದು, ಯಾವ ತರಗತಿಯಲ್ಲಿ ಬಿಟ್ಟೆ? ಏನಿದ್ದರೆ ಮತ್ತೆ ಆಡುತ್ತೀಯ?

ನಮ್ಮ ಡಬ್ಬಿಯಲ್ಲಿ ಸಿಕ್ಕ ಚೀಟಿಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ. "ಶೌಚಾಲಯದಲ್ಲಿ ನೀರು ಬರಲ್ಲ, ಆ ದಿನಗಳಲ್ಲಿ ಪಿಟಿ ಇದ್ದರೆ ಸ್ಕೂಲಿಗೇ ಬರಲ್ಲ." "ಟ್ರ್ಯಾಕ್ ಪ್ಯಾಂಟ್ ಬೇಕು." "ಐದು ಗಂಟೆ ಬಸ್ಸು ತಪ್ಪಿದರೆ ಏಳಕ್ಕೆ." "ಬಿಸಿಲಲ್ಲಿ ಕಪ್ಪಾಗ್ತೀಯ ಅಂತ ಅಜ್ಜಿ ಬೈತಾರೆ." "ಗೇಟ್ ಹತ್ರ ನಿಂತ್ಕೊಂಡು ಏನೇನೋ ಅಂತಾರೆ." ಒಂದು ಚೀಟಿಯಲ್ಲಿ ಇದ್ದದ್ದು ಒಂದೇ ಪದ: "ಶೂಸ್".

ಇವುಗಳಲ್ಲಿ ಅಜ್ಜಿಯ ಬೈಗುಳವೊಂದನ್ನು ಬಿಟ್ಟರೆ ಉಳಿದ ಎಲ್ಲವೂ ದೊಡ್ಡವರು ಒಂದು ತಿಂಗಳಲ್ಲಿ ಸರಿಪಡಿಸಬಹುದಾದವು. ನಲ್ಲಿ, ಪ್ಯಾಂಟು, ಬಸ್ಸಿನ ಸಮಯ. ಆಸಕ್ತಿ ಇಲ್ಲ ಎಂದು ಬರೆದ ಚೀಟಿಗಳೂ ಇದ್ದವು. ಅವನ್ನೂ ಎಣಿಸಿ, ಬಚ್ಚಿಡಬೇಡಿ.

ಒಂದು ಗಂಭೀರ ವಿಷಯ. ಯಾವುದಾದರೂ ಚೀಟಿಯಲ್ಲಿ ಶಿಕ್ಷಕರೋ ತರಬೇತುದಾರರೋ ಬೇರೆ ಯಾರೋ ಮೈಮುಟ್ಟಿದ, ಅಸಭ್ಯವಾಗಿ ನಡೆದುಕೊಂಡ ಸುಳಿವು ಇದ್ದರೆ ಅದು ನಿಮ್ಮ ವರದಿಗೆ ಸೇರುವ ವಿಷಯ ಅಲ್ಲ, ಸಭೆಯಲ್ಲಿ ಓದುವ ವಿಷಯವೂ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಅವತ್ತೇ ಕರೆ ಮಾಡಿ. ಮಗುವಿನ ಗುರುತು ಯಾರಿಗೂ ಗೊತ್ತಾಗಬಾರದು.

ಐದನೆಯದು: ಕಾಗದ ಕೊಡದಿದ್ದರೆ

ಬಹುಪಾಲು ಕಡೆ ಕೇಳಿದರೆ ಕೊಡುತ್ತಾರೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಯಾಕೆ ಬೇಕು ಎಂದು ಕಾರಣ ಕೊಡಬೇಕಾಗಿಲ್ಲ.

ಅನೇಕರು ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. "ಹುಡುಗಿಯರಿಗೆ ಏಕೆ ಅನ್ಯಾಯ ಮಾಡುತ್ತಿದ್ದೀರಿ?" ಎಂದು ಬರೆದರೆ "ಮಾಹಿತಿ ಲಭ್ಯವಿಲ್ಲ" ಎಂಬ ಉತ್ತರ ಬರುತ್ತದೆ, ಅದು ಕಾನೂನಿನ ಪ್ರಕಾರ ಸರಿಯೂ ಹೌದು. ಇರುವ ದಾಖಲೆಯ ಪ್ರತಿಯನ್ನೇ ಕೇಳಬೇಕು. ಹೀಗೆ ಬರೆಯಿರಿ:

"ತಮ್ಮ ಶಾಲೆಯ ಪ್ರಸಕ್ತ ಶೈಕ್ಷಣಿಕ ಸಾಲಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಕೋರುತ್ತೇನೆ. (1) ತರಗತಿವಾರು ಬಾಲಕ ಮತ್ತು ಬಾಲಕಿಯರ ದಾಖಲಾತಿ ಸಂಖ್ಯೆ. (2) ಹೋಬಳಿ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಕ್ರೀಡಾಕೂಟಗಳಿಗೆ ಸಲ್ಲಿಸಿದ ಪ್ರವೇಶ ಪಟ್ಟಿಗಳು, ವಿದ್ಯಾರ್ಥಿಗಳ ಹೆಸರು ಮರೆಮಾಡಿ. (3) ಕ್ರೀಡಾ ಸಾಮಗ್ರಿಯ ದಾಸ್ತಾನು ಮತ್ತು ವಿತರಣಾ ವಹಿಯ ಪುಟಗಳು. (4) ಕ್ರೀಡಾ ಅನುದಾನದ ಸ್ವೀಕೃತಿ ಮತ್ತು ವೆಚ್ಚದ ವಿವರ. (5) ದೈಹಿಕ ಶಿಕ್ಷಣ ಅವಧಿಗಳನ್ನು ತೋರಿಸುವ ವೇಳಾಪಟ್ಟಿ."

ಉತ್ತರಕ್ಕೆ 30 ದಿನ ಕಾಲ. ಬಾರದಿದ್ದರೆ ಅಥವಾ ಅರೆಬರೆ ಬಂದರೆ ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಗಡುವು ಮೀರಿ ಕೊಟ್ಟ ಮಾಹಿತಿಗೆ ಪ್ರತಿಯ ಶುಲ್ಕ ಕೇಳುವಂತಿಲ್ಲ.

ಆರನೆಯದು: ಒಂದೇ ಹಾಳೆ

ಇಪ್ಪತ್ತು ಪುಟದ ವರದಿಯನ್ನು ಯಾರೂ ಓದುವುದಿಲ್ಲ. ಎ3 ಹಾಳೆಯೊಂದರಲ್ಲಿ ದಪ್ಪ ಅಕ್ಷರದಲ್ಲಿ ಐದು ಸಾಲು: ಶಾಲೆಯಲ್ಲಿ ಎಷ್ಟು ಮಕ್ಕಳು, ಆಡುವವರು ಎಷ್ಟು ("ಇಬ್ಬರಿಗೊಬ್ಬ, ನಾಲ್ವರಿಗೊಬ್ಬಳು" ಎಂಬ ಮಾತಿನಲ್ಲೇ), ಸಂಜೆ ಮೈದಾನದಲ್ಲಿ ಕಂಡದ್ದು, ಸಾಮಗ್ರಿಗೆ ಖರ್ಚಾದ ಹಣ ಯಾರ ಆಟಕ್ಕೆ ಎಷ್ಟು, ಹುಡುಗಿಯರು ಹೇಳಿದ ಮೊದಲ ಮೂರು ಕಾರಣ. ಕೆಳಗೆ ಎಣಿಸಿದ ದಿನಾಂಕ, ಎಣಿಸಿದವರ ಹೆಸರು. ಯಾವ ಮಗುವಿನ ಹೆಸರೂ ಬೇಡ. ಇಡೀ ಶಾಲೆಯಲ್ಲಿ ಅಂಗವಿಕಲ ಹುಡುಗಿ ಒಬ್ಬಳೇ ಇದ್ದರೆ ಆ ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆಯಬೇಡಿ. ಬರೆದರೆ ಹೆಸರು ಬರೆದಂತೆಯೇ.

ಬೋರ್ಡಿಗೆ ಹಾಕುವ ಮೊದಲು ಹಾಳೆಯನ್ನು ಪಿಟಿ ಮಾಸ್ತರರಿಗೆ ತೋರಿಸಿ. ಇದನ್ನು ನಾನು ಮೊದಲ ಸಲ ಮಾಡಲಿಲ್ಲ, ಅವರಿಗೆ ತುಂಬಾ ನೋವಾಯಿತು. ಇಡೀ ಶಾಲೆಗೆ ಅವರೊಬ್ಬರೇ. ಮೇಲಿಂದ ಗೈರಾದ ಶಿಕ್ಷಕರ ತರಗತಿ, ಚುನಾವಣಾ ಕೆಲಸ, ಪ್ರಾರ್ಥನೆ, ಶಿಸ್ತು ಎಲ್ಲ ಅವರದೇ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ಲೆಕ್ಕ ತಪ್ಪಿದ್ದರೆ ಅವರು ತಿದ್ದಲಿ, ಅವರ ಮಾತನ್ನೂ ಹಾಳೆಯಲ್ಲಿ ಸೇರಿಸಿ. ಮರುವರ್ಷ ಹಾಗೆ ಮಾಡಿದೆ. ಎರಡನೆಯ ಬಾಲು ಬೇಕು, ಹುಡುಗಿಯರಿಗೆಂದೇ ಕ್ರೀಡಾ ಸಹಾಯಕಿ ಬೇಕು ಎಂದು ಅವರೇ ಪಟ್ಟಿ ಬರೆದುಕೊಟ್ಟರು.

ಏಳನೆಯದು: ಹಾಳೆಯನ್ನು ಸಭೆಗೆ ಒಯ್ಯಿರಿ

ಎಸ್‌ಡಿಎಂಸಿ ಸಭೆಯಲ್ಲಿ ಒಂದೆರಡು ಬೇಡಿಕೆಗೆ ಮಾತ್ರ ನಿಲ್ಲಿ. ಎಲ್ಲವನ್ನೂ ಕೇಳಿದರೆ ಏನೂ ಆಗುವುದಿಲ್ಲ. ನನ್ನ ಅನುಭವದಲ್ಲಿ ತಕ್ಷಣ ಫಲ ಕೊಟ್ಟದ್ದು ಮೈದಾನದ ವೇಳಾಪಟ್ಟಿ: ಸೋಮ, ಬುಧ, ಶುಕ್ರ ನಡುಮೈದಾನ ಹುಡುಗಿಯರದ್ದು. ಒಂದು ರೂಪಾಯಿ ಖರ್ಚಿಲ್ಲ. ಮೊದಲ ವಾರ ಹುಡುಗರು ಗೊಣಗಿದರು, ಮೂರನೇ ವಾರ ಖೋ ಖೋ ನೋಡಲು ಸುತ್ತ ಕೂತರು.

ನಲ್ಲಿ, ಶೌಚಾಲಯ, ಮೈದಾನ ಸಮ ಮಾಡಿಸುವುದು ಪಂಚಾಯಿತಿ ಕೈಯಲ್ಲಿದ್ದರೆ ಮಕ್ಕಳ ಗ್ರಾಮಸಭೆಗೆ ಒಯ್ಯಿರಿ. ನವೆಂಬರ್ ಹೊತ್ತಿಗೆ ನಡೆಯುವ ಆ ಸಭೆಯಲ್ಲಿ ಹಾಳೆಯನ್ನು ಹುಡುಗಿಯೊಬ್ಬಳೇ ಓದಲಿ, ಅವಳಿಗೆ ಇಷ್ಟವಿದ್ದರೆ. ಬಸ್ಸಿನ ವಿಷಯಕ್ಕೆ ಸಾರಿಗೆ ಡಿಪೋ ಮ್ಯಾನೇಜರಿಗೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಅರ್ಜಿ. ಶಿಕ್ಷಕರ ಕೊರತೆಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮತ್ತು ತಾಲ್ಲೂಕು ದೈಹಿಕ ಶಿಕ್ಷಣ ಪರಿವೀಕ್ಷಕರು.

ಪತ್ರಿಕೆಯವರನ್ನೂ ಮರೆಯಬೇಡಿ. ತಾಲ್ಲೂಕು ಕ್ರೀಡಾಕೂಟದ ಸುದ್ದಿ ಬಹಳ ಸಲ ಹೀಗಿರುತ್ತದೆ: ಉದ್ಘಾಟಿಸಿದವರು, ವೇದಿಕೆಯಲ್ಲಿದ್ದವರ ಉದ್ದ ಪಟ್ಟಿ, ಬಾಲಕರ ಫಲಿತಾಂಶ, ಕೊನೆಗೆ "ಬಾಲಕಿಯರ ವಿಭಾಗದಲ್ಲೂ ಸ್ಪರ್ಧೆಗಳು ನಡೆದವು". ವರದಿಗಾರರು ಕೆಟ್ಟವರಲ್ಲ, ಅವರಿಗೆ ಸಂಜೆಯೊಳಗೆ ಸುದ್ದಿ ಕಳಿಸಬೇಕು, ಅಂಕಿ ಸಿಗುವುದಿಲ್ಲ. ನೀವೇ ಬರೆದು ಕಳಿಸಿ: ಬಾಲಕಿಯರ ಫೈನಲ್‌ನ ಅಂಕ, ಓಟದ ಸಮಯ, ಶಾಲೆಯ ಹೆಸರು. ಮಕ್ಕಳ ಹೆಸರು, ಫೋಟೋ ಹಾಕುವುದಾದರೆ ಮನೆಯವರನ್ನು ಕೇಳಿ. ಜೊತೆಗೆ ನಿಮ್ಮ ಹಾಳೆಯ ಒಂದು ಪ್ರತಿ.

ಎಂಟನೆಯದು: ಡಿಸೆಂಬರ್‌ನಲ್ಲಿ ಮತ್ತೊಮ್ಮೆ

ಜುಲೈ, ಆಗಸ್ಟ್‌ನಲ್ಲಿ ಎಣಿಸಿದರೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಕ್ರೀಡಾಕೂಟ ಹತ್ತಿರ ಇರುತ್ತದೆ. ಕೂಟಗಳೆಲ್ಲ ಮುಗಿದ ಮೇಲೆ ಹುಡುಗರು ಆಡುತ್ತಲೇ ಇರುತ್ತಾರೆ, ಹುಡುಗಿಯರ ಆಟ ಅಲ್ಲಿಗೇ ನಿಂತುಬಿಡುತ್ತದೆ. ಹಾಗಾಗಿ ಡಿಸೆಂಬರ್‌ನ ಮೊದಲ ಎರಡು ವಾರ ಅದೇ ಜಾಗದಲ್ಲಿ, ಅದೇ ಹೊತ್ತಿಗೆ, ಅದೇ ನಕ್ಷೆ ಹಿಡಿದು ಮತ್ತೆ ಎಣಿಸಿ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಬೋರ್ಡಿಗೆ ಅಂಟಿಸಿ. ಹಳೆಯದನ್ನು ಕಿತ್ತುಹಾಕಲು ಬಿಡಬೇಡಿ. ಒಂದು ಪ್ರತಿ ನಡಾವಳಿ ಪುಸ್ತಕದೊಳಗೆ ಇರಲಿ. ಮಗಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಮೇಲೆ ಸಮಿತಿಯಲ್ಲಿ ನೀವು ಇರುವುದಿಲ್ಲ. ನಿಮ್ಮ ಜಾಗಕ್ಕೆ ಬರುವ ತಾಯಿಗೆ ಆ ಹಾಳೆಯನ್ನೂ ಖಾಲಿ ನಕ್ಷೆಯನ್ನೂ ಕೈಗೆ ಕೊಟ್ಟು ಬನ್ನಿ.